ಆಟದ ಪೀರಿಯಡ್ಡಿನ ಸಾಲ

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಎಂದಿನಂತೆ ನಡೆಯುತ್ತಿದ್ದೆ. ಕುವೆಂಪು ಅವರು ವಾಯುವಿಹಾರ ಮಾಡುತ್ತಿದ್ದ ಕೆರೆಯೆಂದು ಹೆಸರಾದ ಜಾಗವದು. ದೂರದ ಮರಗಳ ಮೇಲೆ ಹೆಜ್ಜಾರ್ಲೆಗಳು ಕುಳಿತಿದ್ದವು. ಹಿಂದಿನಿಂದ ಯಾರೋ "ನಮಸ್ಕಾರ ಸಾರ್" ಎಂದರು. ತಿರುಗಿ ನೋಡಿದರೆ ನಲವತ್ತು ದಾಟಿದ ಗೃಹಸ್ಥರೊಬ್ಬರು, ಅವರ ಕೈಹಿಡಿದು ಏದುಸಿರು ಬಿಡುತ್ತಿದ್ದ ಹತ್ತು ವರ್ಷದ ಹುಡುಗ. ಮುಖ ಗುರುತಾಗಲಿಲ್ಲ, ಹೆಸರು ಹೇಳಿದ ಕೂಡಲೇ ಮೂರನೆಯ ಬೆಂಚಿನ ಎಡತುದಿಯಲ್ಲಿ ಕೂರುತ್ತಿದ್ದ ಸಣಕಲು ಹುಡುಗ ಕಣ್ಣೆದುರಿಗೆ ಬಂದ. ನನ್ನ ಹಳೆಯ ವಿದ್ಯಾರ್ಥಿ. ಈಗ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ.

ಕ್ಷೇಮಸಮಾಚಾರದ ಬಳಿಕ ಅವನೇ ಹೇಳಿದ: "ನನಗೆ ಮೂವತ್ತೆಂಟಕ್ಕೇ ಶುಗರ್ ಬಂತು ಸಾರ್. ಈಗ ಇವನ ತೂಕ ಜಾಸ್ತಿ ಅಂತ ಡಾಕ್ಟರ್ ಹೇಳಿದ್ದಾರೆ. ದಿನಾ ಹೊರಗೆ ಆಡಿಸಿ ಅಂದ್ರು. ಇವನ ಸ್ಕೂಲಲ್ಲಿ ಆಟದ ಪೀರಿಯಡ್ ಇದೆ, ಆದ್ರೆ ಅದನ್ನ ಮ್ಯಾತ್ಸ್ ಮಿಸ್ ತಗೊಂಡ್ಬಿಡ್ತಾರೆ." ಹೀಗೆಂದವನು ಒಂದು ಕ್ಷಣ ತಡೆದು, ನಕ್ಕು, "ನೀವೂ ಹಾಗೇ ಮಾಡ್ತಿದ್ರಿ ಅಲ್ವಾ ಸಾರ್" ಎಂದ. ಅದರಲ್ಲಿ ಆಕ್ಷೇಪಣೆಯ ಲವಲೇಶವೂ ಇರಲಿಲ್ಲ. ಹಳೆಯ ಮೇಷ್ಟ್ರೊಡನೆ ಸಲಿಗೆಯಿಂದ ಆಡಿದ ಮಾತು. ಆದರೆ ಆ ಮಾತು ನನ್ನೊಡನೆ ಮನೆಗೆ ಬಂತು, ಇನ್ನೂ ಹೋಗಿಲ್ಲ.

ಅವನು ಹೇಳಿದ್ದು ಅಕ್ಷರಶಃ ನಿಜ. ನಾನು 1986ರಿಂದ 2018ರವರೆಗೆ ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನ ಬೋಧಿಸಿದೆ. ಪ್ರತಿವರ್ಷ ನವೆಂಬರ್ ಬಂತೆಂದರೆ ಹತ್ತನೆಯ ತರಗತಿಯ ವಾರದ ಎರಡು ಆಟದ ಪೀರಿಯಡ್‌ಗಳನ್ನು ವಿಶೇಷ ತರಗತಿಯೆಂಬ ಹೆಸರಿನಲ್ಲಿ ತೆಗೆದುಕೊಳ್ಳುತ್ತಿದ್ದೆ. ಮೇಷ್ಟ್ರ ಅಭ್ಯಾಸ ಬಿಡುವುದಿಲ್ಲ. ಅಂದು ಮನೆಗೆ ಬಂದು ಲೆಕ್ಕ ಹಾಕಿದೆ. ವರ್ಷಕ್ಕೆ ಹದಿನಾರು ವಾರ, ವಾರಕ್ಕೆ ಎರಡು, ಅಂದರೆ 32 ಪೀರಿಯಡ್. ಮೂವತ್ತೆರಡು ವರ್ಷಕ್ಕೆ 1,024. ಎರಡರ ಹತ್ತನೆಯ ಘಾತ. ನಲವತ್ತು ನಿಮಿಷದ ಪೀರಿಯಡ್‌ನಂತೆ ಗುಣಿಸಿದರೆ 682 ಗಂಟೆ 40 ನಿಮಿಷ. ಪ್ರತಿ ತರಗತಿಯಲ್ಲಿಯೂ ಸುಮಾರು ಐವತ್ತು ಮಕ್ಕಳು. ಇಷ್ಟು ಹೊತ್ತನ್ನು ನಾನು ಬಯಲಿನಿಂದ, ಹೊಂಗೆಮರದ ನೆರಳಿನಿಂದ ಎತ್ತಿ ಕರಿಹಲಗೆಯ ಮುಂದೆ ಇಟ್ಟಿದ್ದೇನೆ. ಯಾರೂ ನನ್ನನ್ನು ತಪ್ಪಿತಸ್ಥನೆನ್ನಲಿಲ್ಲ. ಬದಲಿಗೆ ಶ್ರದ್ಧಾವಂತ ಶಿಕ್ಷಕನೆಂದು ಹೊಗಳಿದರು.

ನನ್ನ ಪರವಾಗಿಯೂ ಒಂದೆರಡು ಮಾತುಗಳನ್ನು ಹೇಳಬೇಕು. ನನ್ನ ಮಕ್ಕಳಲ್ಲಿ ಬಹುಪಾಲು ಕೂಲಿಕಾರರ, ಸಣ್ಣ ಹಿಡುವಳಿದಾರರ, ಬೀಡಿ ಕಟ್ಟುವವರ ಮಕ್ಕಳು. ಮನೆಯಲ್ಲಿ ಲೆಕ್ಕ ಹೇಳಿಕೊಡುವವರಿರಲಿಲ್ಲ. ಮನೆಪಾಠಕ್ಕೆ ಕಳುಹಿಸುವ ಶಕ್ತಿ ಇರಲಿಲ್ಲ. ಗಣಿತದಲ್ಲಿ ಮೂವತ್ತೈದು ಅಂಕ ಬಾರದೆ ಓದು ಅಲ್ಲಿಗೇ ನಿಂತ ಹೆಣ್ಣುಮಕ್ಕಳ ಮದುವೆ ಮರುವರ್ಷವೇ ಆಗಿಹೋದುದನ್ನು ಕಂಡಿದ್ದೇನೆ. ಕೆರೆಯ ಏರಿಯ ಮೇಲೆ ನಿಂತು ನನ್ನ ವಿದ್ಯಾರ್ಥಿಯೂ ಹೇಳಿದ: "ನಿಮ್ಮ ಲೆಕ್ಕ ಇವತ್ತು ನನಗೆ ಅನ್ನ ಕೊಡ್ತಿದೆ ಸಾರ್." ಆದ್ದರಿಂದ ಆ ವಿಶೇಷ ತರಗತಿಗಳೆಲ್ಲ ವ್ಯರ್ಥವೆಂದು ನಾನು ಹೇಳಲಾರೆ. ಆದರೆ ಅವುಗಳಿಗೆ ಬೇಕಾದ ಸಮಯವನ್ನು ಎಲ್ಲಿಂದ ತೆಗೆದೆ ಎಂಬುದೇ ಇಂದಿನ ಪ್ರಶ್ನೆ. ಬೆಳಗಿನ ಅರ್ಧ ಗಂಟೆ ನನ್ನದಿತ್ತು, ಅದನ್ನು ಕೊಡಬಹುದಿತ್ತು. ಕೊಡಲಿಲ್ಲ. ಮಕ್ಕಳದನ್ನು ತೆಗೆದುಕೊಂಡೆ, ಏಕೆಂದರೆ ಅದು ಯಾರ ಲೆಕ್ಕಕ್ಕೂ ಬಾರದ ಸಮಯವೆಂದು ಭಾವಿಸಿದ್ದೆ.

ಒಂದು ವರ್ಷ ಮಾತ್ರ ನಮ್ಮ ದೈಹಿಕ ಶಿಕ್ಷಣ ಶಿಕ್ಷಕರು ಪೀರಿಯಡ್ ಬಿಟ್ಟುಕೊಡಲು ಒಪ್ಪಲಿಲ್ಲ. "ಸಾರ್, ಇಷ್ಟು ವರ್ಷ ತಗೊಂಡಿದ್ದೀರಿ. ಒಂದು ಸಲವಾದರೂ ವಾಪಸ್ ಕೊಟ್ಟಿದ್ದೀರಾ?" ಎಂದು ಸಿಬ್ಬಂದಿ ಕೊಠಡಿಯಲ್ಲಿ ಎಲ್ಲರೆದುರು ಕೇಳಿದರು. ನನಗೆ ಸಿಟ್ಟು ಬಂತು. ಆ ವರ್ಷ ಮಕ್ಕಳು ಮಾರ್ಚಿಯವರೆಗೂ ಆಡಿದರು. ಫಲಿತಾಂಶ ಹಿಂದಿನ ವರ್ಷಕ್ಕಿಂತ ಇಳಿಯಲಿಲ್ಲ. ಒಂದು ವರ್ಷದ, ಒಂದು ತರಗತಿಯ ಫಲಿತಾಂಶದಿಂದ ಸಿದ್ಧಾಂತ ಕಟ್ಟಲಾಗದು ಎಂದು ನನಗೆ ಗೊತ್ತು. ಆದರೂ ಅಷ್ಟನ್ನು ಕಣ್ಣಾರೆ ಕಂಡಮೇಲೆ ಮರುವರ್ಷ, ಅವರು ವರ್ಗವಾಗಿ ಹೋದ ಬಳಿಕ, ನಾನು ಮತ್ತೆ ಆ ಪೀರಿಯಡ್ ತೆಗೆದುಕೊಂಡೆ. ಈಗ ನನ್ನನ್ನು ಹೆಚ್ಚು ಬಾಧಿಸುವುದು ಇದೇ.

ಇನ್ನು ವಿಷಯಕ್ಕೆ ಬರುತ್ತೇನೆ. ಬೊಜ್ಜು ನಮ್ಮ ಕಾಲದಲ್ಲಿ ಶ್ರೀಮಂತರ ರೋಗವೆನಿಸಿತ್ತು, ಈಗ ಹಾಗಿಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೃಹತ್ ಸಮೀಕ್ಷೆಯ ಪ್ರಕಾರ, ಇಪ್ಪತ್ತು ವರ್ಷ ತುಂಬಿದ ಭಾರತೀಯರಲ್ಲಿ ಶೇ. 28.6 ಮಂದಿಗೆ ಸ್ಥೂಲಕಾಯವಿದೆ. ಹೊಟ್ಟೆಯ ಬೊಜ್ಜು ಶೇ. 39.5 ಮಂದಿಯಲ್ಲಿದೆ, ಸಕ್ಕರೆ ಕಾಯಿಲೆಯವರು ಸುಮಾರು 10 ಕೋಟಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಐದು ವರ್ಷದೊಳಗಿನ ಮಕ್ಕಳಲ್ಲಿ ಅತಿತೂಕದ ಪ್ರಮಾಣ ಶೇ. 2.1ರಿಂದ 2019–21ರ ವೇಳೆಗೆ ಶೇ. 3.4ಕ್ಕೆ ಏರಿದುದನ್ನು ತೋರಿಸಿತು. ಜಗತ್ತಿನ ಶಾಲಾವಯಸ್ಸಿನ ಮಕ್ಕಳಲ್ಲಿ ಸ್ಥೂಲಕಾಯದವರ ಸಂಖ್ಯೆ ತೂಕ ಕಡಿಮೆಯಿರುವವರ ಸಂಖ್ಯೆಯನ್ನು ಮೊದಲ ಬಾರಿಗೆ ಮೀರಿದೆ ಎಂದು ಯುನಿಸೆಫ್ 2025ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ದಕ್ಷಿಣ ಏಷ್ಯಾ ಇನ್ನೂ ಆ ಗೆರೆಯನ್ನು ದಾಟಿಲ್ಲ. ನಮ್ಮಲ್ಲಿ ಒಂದೇ ಬೀದಿಯಲ್ಲಿ ಸೊರಗಿದ ಮಗುವೂ ಇದೆ, ಊದಿದ ಮಗುವೂ ಇದೆ.

ಇದರ ಜೊತೆಗೆ ನಮ್ಮ ಮೈಕಟ್ಟಿನದೇ ಒಂದು ತೊಡಕಿದೆ. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಅವರು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮ ಮತ್ತು ಬ್ರಿಟನ್ನಿನ ಸಹೋದ್ಯೋಗಿ ಜಾನ್ ಯುಡ್ಕಿನ್ ಅವರ ಭಾವಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ಪ್ರಕಟಿಸಿದರು. ಇಬ್ಬರ ಬಿ.ಎಂ.ಐ. ಒಂದೇ, 22.3. ನೋಡಲು ಇಬ್ಬರೂ ತೆಳ್ಳಗಿನವರೇ. ಆದರೆ ಮೈಯಲ್ಲಿನ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಇರುವುದು ಭಾರತೀಯರಲ್ಲಿ ಸಾಮಾನ್ಯ. ಆದ್ದರಿಂದಲೇ ನಮಗೆ ಬಿ.ಎಂ.ಐ. 23 ದಾಟಿದರೆ ಅತಿತೂಕ, 25 ದಾಟಿದರೆ ಸ್ಥೂಲಕಾಯ. ಸೊಂಟದ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮೀರಬಾರದು ಎಂದು ನಿಗದಿಪಡಿಸಿದ್ದಾರೆ. ಬಯಲಿನ ಅಗತ್ಯವಿರುವುದು ದಪ್ಪಗಿರುವ ಮಗುವಿಗೆ ಮಾತ್ರವಲ್ಲ ಎಂಬುದು ಇದರಿಂದ ತಿಳಿಯುತ್ತದೆ. ನನ್ನ ಮೂರನೆಯ ಬೆಂಚಿನ ಸಣಕಲು ಹುಡುಗನಿಗೇ ಅಲ್ಲವೇ ಮೂವತ್ತೆಂಟಕ್ಕೆ ಸಕ್ಕರೆ ಕಾಯಿಲೆ ಬಂದದ್ದು?

ಈಗ ಒಂದು ಎಚ್ಚರಿಕೆಯ ಮಾತು. ಪ್ರಕೃತಿಯ ಮಡಿಲಿಗೆ ಹೋದರೆ ಬೊಜ್ಜು ಬೆಣ್ಣೆಯಂತೆ ಕರಗುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಲೆಕ್ಕ ಸರಳವಾಗಿದೆ. ಮಧ್ಯಮ ಮೈಕಟ್ಟಿನವರು ಸಾಧಾರಣ ವೇಗದಲ್ಲಿ ಒಂದು ಗಂಟೆ ನಡೆದರೆ ಖರ್ಚಾಗುವುದು ಸುಮಾರು 200ರಿಂದ 250 ಕಿಲೊಕ್ಯಾಲೊರಿ. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಅಷ್ಟು ಶಕ್ತಿ ಇದೆ. ಕೆರೆ ಸುತ್ತಿ ಬಂದು ಗೇಟಿನ ಹೊರಗೆ ಎರಡು ಬೋಂಡ ತಿಂದರೆ ಜಮಾ ಖರ್ಚು ಸರಿಹೋಯಿತು. ಟಾಂಜಾನಿಯಾದಲ್ಲಿ ಇಂದಿಗೂ ಬೇಟೆ ಮತ್ತು ಗೆಡ್ಡೆಗೆಣಸುಗಳಿಂದ ಬದುಕುವ ಹಡ್ಜಾ ಜನರನ್ನು ಹರ್ಮನ್ ಪಾಂಟ್ಜರ್ ಎಂಬ ಮಾನವಶಾಸ್ತ್ರಜ್ಞರು ಮತ್ತು ಅವರ ಸಂಗಡಿಗರು ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದ ಫಲಿತಾಂಶ ಹಲವರನ್ನು ಬೆರಗುಗೊಳಿಸಿತು. ದಿನವಿಡೀ ಕಾಡಿನಲ್ಲಿ ಅಲೆಯುವ ಅವರೂ, ಕುರ್ಚಿಯಲ್ಲಿ ಕೂರುವ ಪಾಶ್ಚಾತ್ಯರೂ, ದೇಹದ ಗಾತ್ರವನ್ನು ಗಣನೆಗೆ ತೆಗೆದುಕೊಂಡರೆ, ದಿನಕ್ಕೆ ಖರ್ಚು ಮಾಡುವ ಶಕ್ತಿ ಹೆಚ್ಚುಕಡಿಮೆ ಒಂದೇ. ಬಾಯಿಯನ್ನು ಕಟ್ಟದೆ ಕಾಲಿನಿಂದ ಮಾತ್ರ ತೂಕ ಇಳಿಸಲು ಹೊರಟವರು ಈ ಮಾತನ್ನು ನೆನಪಿಡುವುದು ಒಳ್ಳೆಯದು.

ಹಾಗಾದರೆ ಹೊರಗೆ ಹೋಗುವುದರಿಂದ ಏನು ಪ್ರಯೋಜನ ಎಂದು ಕೇಳಬಹುದು. ಮೊದಲನೆಯದಾಗಿ, ಆರೋಗ್ಯವೆಂದರೆ ತೂಕದ ಯಂತ್ರದ ಮುಳ್ಳು ಮಾತ್ರವಲ್ಲ. ಲಂಡನ್ನಿನ ವೈದ್ಯ ಜೆರ‍್ರಿ ಮಾರಿಸ್ ಅವರು 1953ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇಂದಿಗೂ ಪ್ರಸಿದ್ಧ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಚಾಲಕ ದಿನವಿಡೀ ಕುಳಿತಿರುತ್ತಾನೆ. ಕಂಡಕ್ಟರ್ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಹೃದ್ರೋಗವು ಕಂಡಕ್ಟರುಗಳಲ್ಲಿ ಕಡಿಮೆ. ಬಂದರೂ ತಡವಾಗಿ ಬರುತ್ತಿತ್ತು. ಮೂರು ವರ್ಷದ ನಂತರ ಅವರು ಇನ್ನೊಂದು ಸಂಗತಿಯನ್ನು ಗಮನಿಸಿದರು. ಸಮವಸ್ತ್ರದ ದಾಖಲೆಗಳಲ್ಲಿ ಚಾಲಕರ ಷರಾಯಿಯ ಸೊಂಟದಳತೆ ಕಂಡಕ್ಟರುಗಳಿಗಿಂತ ಹೆಚ್ಚಾಗಿತ್ತು, ಅದೂ ಎಳೆಯ ವಯಸ್ಸಿನವರಲ್ಲಿಯೇ. ಅಂದರೆ ಕೆಲಸಕ್ಕೆ ಸೇರುವ ಹೊತ್ತಿಗೇ ಇಬ್ಬರೂ ಒಂದೇ ಬಗೆಯ ಜನರಾಗಿರಲಿಲ್ಲವೋ ಏನೋ ಎಂಬ ಸಂದೇಹವನ್ನು ಅವರೇ ತಮ್ಮ ಸಿದ್ಧಾಂತದ ಮೇಲೆ ಎತ್ತಿಕೊಂಡರು. ವಿಜ್ಞಾನದ ಮೇಷ್ಟ್ರಾಗಿ ನನಗೆ ಈ ಪ್ರಾಮಾಣಿಕತೆ ಬಹಳ ಇಷ್ಟ. ಚಲನೆಯಿಂದ ಹೃದಯಕ್ಕೆ ಒಳಿತೆಂಬುದನ್ನು ಮುಂದಿನ ದಶಕಗಳಲ್ಲಿ ನಡೆದ ಅನೇಕ ಅಧ್ಯಯನಗಳು ದೃಢಪಡಿಸಿವೆ.

ಆದರೆ ಇದು ಚಲನೆಯ ಮಾತಾಯಿತು. ಗಿಡ, ಮರ, ನೀರು, ಬೆಳಕುಗಳಿಗೇ ಪ್ರತ್ಯೇಕವಾದ ಗುಣವಿದೆಯೇ? 1984ರಲ್ಲಿ ರೋಜರ್ ಉಲ್ರಿಚ್ ಎಂಬುವರು ಸೈನ್ಸ್ ಪತ್ರಿಕೆಯಲ್ಲಿ ಒಂದು ಸಣ್ಣ ಅಧ್ಯಯನವನ್ನು ಪ್ರಕಟಿಸಿದರು. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಕೆಲವರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಕೆಲವರಿಗೆ ಇಟ್ಟಿಗೆಯ ಗೋಡೆ ಕಾಣುತ್ತಿತ್ತು. ವಯಸ್ಸು ಮುಂತಾದವುಗಳಲ್ಲಿ ಸರಿಹೊಂದುವ 23 ಜೋಡಿಗಳನ್ನು ಹೋಲಿಸಿದಾಗ, ಮರ ಕಂಡವರು ಬೇಗ ಮನೆಗೆ ಹೋಗಿದ್ದರು. ತೀವ್ರವಾದ ನೋವುನಿವಾರಕ ಔಷಧಿಗಳನ್ನು ಕಡಿಮೆ ತೆಗೆದುಕೊಂಡಿದ್ದರು. ಒಟ್ಟು 46 ಜನರ ಅಧ್ಯಯನ. ಅದರ ಮೇಲೆ ಅತಿಯಾದ ಭಾರ ಹೇರಬಾರದು. ಆದರೂ ಹಾಸಿಗೆಯಿಂದ ಏಳಲಾಗದವನಿಗೂ ಮರವೊಂದು ಏನನ್ನೋ ಕೊಡುತ್ತದೆ ಎಂಬುದು ಯೋಚಿಸಬೇಕಾದ ಸಂಗತಿ.

2019ರಲ್ಲಿ ಇಂಗ್ಲೆಂಡಿನ ಸುಮಾರು ಇಪ್ಪತ್ತು ಸಾವಿರ ಜನರ ಮಾಹಿತಿಯನ್ನು ಆಧರಿಸಿ ಮ್ಯಾಥ್ಯೂ ವೈಟ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇನ್ನಷ್ಟು ಸ್ಪಷ್ಟವಾದುದು. ವಾರಕ್ಕೆ ಕನಿಷ್ಠ 120 ನಿಮಿಷಗಳನ್ನು ಉದ್ಯಾನ, ಕಾಡು, ಸಮುದ್ರತೀರಗಳಂತಹ ನಿಸರ್ಗದ ತಾಣಗಳಲ್ಲಿ ಕಳೆದವರು ತಮ್ಮ ಆರೋಗ್ಯ ಚೆನ್ನಾಗಿದೆ, ಮನಸ್ಸು ನೆಮ್ಮದಿಯಾಗಿದೆ ಎಂದು ಹೇಳಿದ್ದು ಹೆಚ್ಚು. ಒಂದೇ ದಿನ ಎರಡು ಗಂಟೆ ಕಳೆದರೂ, ಬಿಡಿಬಿಡಿಯಾಗಿ ಕಳೆದರೂ ಫಲ ಒಂದೇ ಬಗೆಯದು. ದೀರ್ಘಕಾಲದ ಕಾಯಿಲೆಯಿದ್ದವರಲ್ಲಿಯೂ ಈ ಸಂಬಂಧ ಕಂಡುಬಂತು. ಇದು ವಯಸ್ಕರ ಅಧ್ಯಯನ. ಇಲ್ಲಿ ತೋರುವುದು ಸಂಬಂಧವೇ ಹೊರತು ಕಾರಣವಲ್ಲ. ಆರೋಗ್ಯವಂತರೇ ಹೆಚ್ಚು ಹೊರಗೆ ಹೋಗುತ್ತಾರೆ ಎಂದೂ ವಾದಿಸಬಹುದು. ಇಷ್ಟೆಲ್ಲ ಎಚ್ಚರದ ನಡುವೆಯೂ ನನ್ನ ಕಣ್ಣು ಆ 120ರ ಮೇಲೆಯೇ ನಿಂತಿತು. ನಲವತ್ತು ನಿಮಿಷದ ಮೂರು ಪೀರಿಯಡ್‌ಗಳು!

ನಲವತ್ತು ನಿಮಿಷವೆಂದೊಡನೆ ಶಿಕ್ಷಕರೆಲ್ಲರೂ ತಿಳಿದಿರಬೇಕಾದ ಮತ್ತೊಂದು ಪ್ರಯೋಗ ನೆನಪಾಗುತ್ತದೆ. ಚೀನಾದ ಗುವಾಂಗ್‌ಝೌ ನಗರದ ಹನ್ನೆರಡು ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳ ಮೇಲೆ ಇದು ನಡೆಯಿತು. ಆರು ಶಾಲೆಗಳಲ್ಲಿ ಪ್ರತಿ ಶಾಲಾದಿನದ ಕೊನೆಗೆ 40 ನಿಮಿಷಗಳ ಒಂದು ಹೊರಾಂಗಣ ತರಗತಿಯನ್ನು ಹೆಚ್ಚುವರಿಯಾಗಿ ಸೇರಿಸಿದರು. ಉಳಿದ ಆರು ಶಾಲೆಗಳು ಎಂದಿನಂತೆ ನಡೆದವು. ಮೂರು ವರ್ಷಗಳ ನಂತರ ಎಂದಿನಂತೆ ನಡೆದ ಶಾಲೆಗಳಲ್ಲಿ ಶೇ. 39.5ರಷ್ಟು ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿದೋಷ ಬಂದಿದ್ದರೆ, ಹೊರಗೆ ಹೋದ ಮಕ್ಕಳಲ್ಲಿ ಶೇ. 30.4ಕ್ಕೆ ಮಾತ್ರ ಬಂದಿತ್ತು. 2015ರಲ್ಲಿ ಪ್ರಕಟವಾದ ಇದು ಬರಿಯ ಸಮೀಕ್ಷೆಯಲ್ಲ. ಚೀಟಿ ಎತ್ತಿದಂತೆ ಶಾಲೆಗಳನ್ನು ವಿಂಗಡಿಸಿ ಮಾಡಿದ ಪ್ರಯೋಗ. ಇಲ್ಲಿ ಬೊಜ್ಜಿನ ಮಾತಿಲ್ಲ, ಕಣ್ಣಿನ ಮಾತಿದೆ. ಆದರೆ ವೇಳಾಪಟ್ಟಿಯ ಒಂದೇ ಒಂದು ಚೌಕವನ್ನು ಬಯಲಿಗೆ ಬಿಟ್ಟರೆ ಮಗುವಿನ ದೇಹದಲ್ಲಿ ಅಳೆಯಬಹುದಾದಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ನನಗೆ ಬೇಕಿಲ್ಲ. ಆ ಚೌಕವನ್ನೇ ನಾನು ಕೆಂಪು ಶಾಯಿಯಿಂದ ಹೊಡೆದುಹಾಕುತ್ತಿದ್ದೆ.

ಬೊಜ್ಜಿನ ವಿಷಯದಲ್ಲಿ ಬಯಲು ಹೇಗೆ ನೆರವಾಗುತ್ತದೆ ಎಂಬುದನ್ನು ನನ್ನ ಅನುಭವದಿಂದ ಹೇಳುತ್ತೇನೆ. ನಿವೃತ್ತಿಯ ವರ್ಷ ನನಗೂ ರಕ್ತದಲ್ಲಿ ಸಕ್ಕರೆ ಹೆಚ್ಚಿತು. ಮಗ ನಡಿಗೆಯ ಯಂತ್ರವೊಂದನ್ನು ತಂದು ಕೋಣೆಯಲ್ಲಿಟ್ಟ. ಗೋಡೆಯನ್ನು ನೋಡುತ್ತ ಇಪ್ಪತ್ತು ನಿಮಿಷ ನಡೆಯುವುದು ನನಗೆ ಇಪ್ಪತ್ತು ವರ್ಷದಂತೆ ಭಾಸವಾಗುತ್ತಿತ್ತು. ಮೂರು ತಿಂಗಳಲ್ಲಿ ಅದು ಟವೆಲು ಒಣಹಾಕುವ ಸಾಧನವಾಯಿತು. ಆಮೇಲೆ ಕೆರೆಗೆ ಹೋಗತೊಡಗಿದೆ. ಅಲ್ಲಿ ಒಂದು ಗಂಟೆ ಕಳೆದದ್ದೇ ತಿಳಿಯುವುದಿಲ್ಲ. ಇಂದು ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸುತ್ತಿದೆ, ನಾಳೆ ಹೊಂಗೆ ಚಿಗುರಿದೆ, ನಾಡಿದ್ದು ನೀರು ಒಂದು ಗೇಣು ಇಳಿದಿದೆ. ಇದನ್ನೆಲ್ಲ ನೋಡುವ ಆಸೆಯೇ ಕಾಲನ್ನು ಎಳೆದುಕೊಂಡು ಹೋಗುತ್ತದೆ. ಮೊದಲ ವರ್ಷದಲ್ಲಿ ನನ್ನ ತೂಕ ಇಳಿದದ್ದು ಮೂರು ಕಿಲೋ ಮಾತ್ರ. ಆದರೆ ರಾತ್ರಿ ನಿದ್ದೆ ಬರತೊಡಗಿತು. ನಿದ್ದೆ ಬಂದಮೇಲೆ ಹನ್ನೊಂದು ಗಂಟೆಗೆ ಟಿ.ವಿ. ಮುಂದೆ ಕುಳಿತು ನಿಪ್ಪಟ್ಟಿನ ಡಬ್ಬಿಗೆ ಕೈಹಾಕುವುದು ತಾನಾಗಿ ನಿಂತಿತು. ಔಷಧಿಯನ್ನು ನಾನು ಬಿಟ್ಟಿಲ್ಲ. ವೈದ್ಯರ ಮಾತಿಲ್ಲದೆ ಯಾರೂ ಬಿಡಬಾರದು. ನಿಸರ್ಗ ನನಗೆ ಮದ್ದಾಗಲಿಲ್ಲ, ಬಿಡದೆ ನಡೆಯುವ ಅಭ್ಯಾಸಕ್ಕೆ ಕಾರಣವಾಯಿತು. ಮಕ್ಕಳ ವಿಷಯದಲ್ಲಿಯೂ ಹೀಗೆಯೇ ಎಂದು ನನಗೆ ತೋರುತ್ತದೆ. ಮರಕೋತಿಯಾಡುವ ಮಗುವಿನ ಕೈಯಲ್ಲಿ ಕೊಂಬೆ ಇರುತ್ತದೆ. ಆ ಹೊತ್ತಿನಲ್ಲಿ ಅದರ ಕೈಗೆ ಮೊಬೈಲೂ ಇಲ್ಲ, ಚಿಪ್ಸ್ ಪೊಟ್ಟಣವೂ ಇಲ್ಲ.

ಇಲ್ಲಿ ನಮ್ಮ ವಯಸ್ಸಿನವರು ಸಾಮಾನ್ಯವಾಗಿ ಮಾಡುವ ಒಂದು ತಪ್ಪನ್ನು ನಾನು ಮಾಡಬಾರದು. "ನಮ್ಮ ಕಾಲದಲ್ಲಿ ಹೀಗಿರಲಿಲ್ಲ" ಎಂದು ಮೀಸೆ ತಿರುವುವುದು ಸುಲಭ. ಮಂಡ್ಯ ಜಿಲ್ಲೆಯ ನಮ್ಮ ಹಳ್ಳಿಯಿಂದ ಮಾಧ್ಯಮಿಕ ಶಾಲೆಗೆ ಮೂರು ಮೈಲಿ. ನಾಲೆಯ ಏರಿಯ ಮೇಲೆ ಬರಿಗಾಲಿನಲ್ಲಿ ಹೋಗುತ್ತಿದ್ದೆವು. ದಾರಿಯುದ್ದಕ್ಕೂ ಎಲಚಿ, ನೇರಳೆ, ಹುಣಸೆ. ನಮ್ಮಲ್ಲಿ ಯಾರೊಬ್ಬರಿಗೂ ಬೊಜ್ಜಿರಲಿಲ್ಲ, ನಿಜ. ಆದರೆ ಅದಕ್ಕೆ ನಡಿಗೆಯೊಂದೇ ಕಾರಣವಲ್ಲ. ಮನೆಯಲ್ಲಿ ಹೊಟ್ಟೆ ತುಂಬ ಊಟವಿರಲಿಲ್ಲ. ನಡೆದದ್ದು ಆರೋಗ್ಯಕ್ಕಾಗಿಯಲ್ಲ, ಬಸ್ಸಿಲ್ಲದ್ದಕ್ಕಾಗಿ. ಬರಿಗಾಲಿನಲ್ಲಿ ಮುಳ್ಳು ನಂಜಾಗಿ ಶಾಲೆ ಬಿಟ್ಟ ಗೆಳೆಯನಿದ್ದ. ಆ ಬಡತನ ಮರಳಿ ಬರಬೇಕೆಂದು ನಾನು ಬಯಸುವುದಿಲ್ಲ. ಈಗಲೂ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ ಎಂದು ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಹಸಿವನ್ನು ಹಿಂದೆ ಬಿಟ್ಟುಬಂದೆವು, ಸರಿ. ಬರುವಾಗ ಬಯಲನ್ನೂ ಅಲ್ಲಿಯೇ ಏಕೆ ಬಿಟ್ಟುಬಂದೆವು ಎಂಬುದಷ್ಟೇ ನನ್ನ ಪ್ರಶ್ನೆ.

ಈ ಪ್ರಶ್ನೆಗೆ ಮಕ್ಕಳನ್ನು ಬೈದು ಉತ್ತರ ಕೊಡುವುದು ಅನ್ಯಾಯ. "ಈಗಿನ ಮಕ್ಕಳು ಮೊಬೈಲ್ ಬಿಟ್ಟು ಏಳುವುದಿಲ್ಲ" ಎನ್ನುತ್ತೇವೆ. ಎದ್ದು ಎಲ್ಲಿಗೆ ಹೋಗಬೇಕು? ಬಡಾವಣೆಯ ಖಾಲಿ ನಿವೇಶನಗಳೆಲ್ಲ ಮನೆಗಳಾದವು. ಬೀದಿಯಲ್ಲಿ ಲಗೋರಿ ಆಡಿದರೆ ಕಾರಿನ ಗಾಜಿನ ಚಿಂತೆ. ಉದ್ಯಾನದಲ್ಲಿ "ಚೆಂಡಾಟ ನಿಷೇಧಿಸಿದೆ" ಎಂಬ ಫಲಕ. ಬೆಂಗಳೂರಿನ ಪಾಲಿಕೆಯ ಉದ್ಯಾನಗಳು ಬಹುಕಾಲ ಹಗಲುಹೊತ್ತು ಬೀಗ ಹಾಕಿಕೊಂಡಿರುತ್ತಿದ್ದವು. ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಬೇಕೆಂದು ಆಗಿನ ಮಹಾನಗರಪಾಲಿಕೆ ತೀರ್ಮಾನಿಸಿದ್ದು 2024ರ ಜೂನ್‌ನಲ್ಲಿ. ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಕಷ್ಟ. ನನ್ನ ಶಾಲೆಯಲ್ಲಿ ಎಂಟನೆಯ ತರಗತಿಯವರೆಗೆ ಕೊಕ್ಕೊ ಅಂಕಣದಲ್ಲಿ ಮಿಂಚಿನಂತೆ ಓಡುತ್ತಿದ್ದ ಹುಡುಗಿಯರು ಒಂಬತ್ತಕ್ಕೆ ಬರುತ್ತಲೇ ಗೋಡೆಯ ಪಕ್ಕದಲ್ಲಿ ನಿಲ್ಲತೊಡಗುತ್ತಿದ್ದರು. ಸಂಜೆ ಬಯಲಿಗೆ ಹೋಗಲು ಅವರಿಗೆ ಮನೆಯಲ್ಲಿ ಅನುಮತಿಯಿಲ್ಲ. ಅವರ ಪಾಲಿಗೆ ಆಕಾಶದ ಕೆಳಗೆ ಓಡಬಹುದಾದ ಸಮಯವೆಂದರೆ ಶಾಲೆಯ ಆ ಎರಡು ಪೀರಿಯಡ್ ಮಾತ್ರ. ಅವರಿಂದ ಅದನ್ನು ಕಿತ್ತುಕೊಂಡರೆ ಬೇರೆಡೆ ಸಿಗುವ ಸಂಭವವೇ ಇರಲಿಲ್ಲ. ಇದು ನನಗೆ ಹೊಳೆದದ್ದು ನಿವೃತ್ತಿಯಾದ ಮೇಲೆ.

ಇನ್ನು ಉಳ್ಳವರು ಇದಕ್ಕೂ ಒಂದು ದಾರಿ ಹುಡುಕಿಕೊಂಡಿದ್ದಾರೆ. ಐದು ದಿನ ಕುಳಿತು, ಶನಿವಾರ ಐದು ಗಂಟೆ ಕಾರಿನಲ್ಲಿ ಕುಳಿತು, ಚಿಕ್ಕಮಗಳೂರಿನಲ್ಲೋ ಕೊಡಗಿನಲ್ಲೋ ಕಾಫಿತೋಟದ ನಡುವೆ ಮತ್ತೆ ಕುಳಿತು, ಮೂರು ಹೊತ್ತು ಸಮೃದ್ಧವಾಗಿ ಉಂಡು ಬರುವುದಕ್ಕೆ ನಿಸರ್ಗದ ಒಡನಾಟವೆಂದು ಹೆಸರು. ಜಪಾನಿನ ಅರಣ್ಯ ಇಲಾಖೆ 1982ರಲ್ಲಿ ಬಳಕೆಗೆ ತಂದ 'ಅರಣ್ಯಸ್ನಾನ' ಎಂಬ ಕಲ್ಪನೆಯೂ ಈಗ ಇಲ್ಲಿ ದುಬಾರಿ ಸರಕಾಗಿದೆ. ಹೋಗಿಬರಲಿ, ನನ್ನ ಅಡ್ಡಿಯಿಲ್ಲ. ಆದರೆ ವರ್ಷಕ್ಕೆರಡು ಬಾರಿ ಕಾಣುವ ಜಲಪಾತಕ್ಕಿಂತ ದಿನವೂ ಕಾಣುವ ಬೇವಿನಮರ ಮಗುವಿಗೆ ಹೆಚ್ಚು ಉಪಕಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆರೋಗ್ಯ ನಿತ್ಯದ ರೂಢಿಯಿಂದ ಬರುವಂಥದು, ಜಾತ್ರೆಯಿಂದಲ್ಲ.

ಸರ್ಕಾರಕ್ಕೂ ಈಗ ಬೊಜ್ಜಿನ ಚಿಂತೆ ಹತ್ತಿದೆ. 2025ರ ಫೆಬ್ರವರಿಯಲ್ಲಿ ಪ್ರಧಾನಿಯವರು ಅಡುಗೆ ಎಣ್ಣೆಯ ಬಳಕೆಯನ್ನು ಶೇ. 10ರಷ್ಟು ಇಳಿಸಿರೆಂದು ಜನತೆಯನ್ನು ಕೋರಿದರು. ಅದೇ ವರ್ಷದ ಮೇ ತಿಂಗಳಲ್ಲಿ ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿ ತನ್ನ ಶಾಲೆಗಳಲ್ಲಿ 'ಸಕ್ಕರೆ ಫಲಕ'ಗಳನ್ನು ಹಾಕುವಂತೆ ಸೂಚಿಸಿತು. ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆಯಿದೆ ಎಂಬುದನ್ನು ಮಕ್ಕಳು ಓದಿ ತಿಳಿಯಲಿ ಎಂಬ ಉದ್ದೇಶ. ಎರಡೂ ಒಳ್ಳೆಯ ಕೆಲಸಗಳೇ. ಬಾಯಿಯ ಲೆಕ್ಕ ಮುಖ್ಯವೆಂದು ನಾನೂ ಮೇಲೆಯೇ ಹೇಳಿದ್ದೇನೆ. ಆದರೆ ಸಕ್ಕರೆ ಫಲಕದ ಪಕ್ಕದಲ್ಲಿ ಇನ್ನೊಂದು ಫಲಕ ಬೇಕು. ಈ ವಾರ ಪ್ರತಿ ತರಗತಿಯ ಮಕ್ಕಳು ಎಷ್ಟು ನಿಮಿಷ ಹೊರಗಿದ್ದರು ಎಂಬುದನ್ನು ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯಲಿ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನವಿರಬೇಕೆಂಬ ನಿಯಮವೂ ಇದೆ. ಮೈದಾನವಿದ್ದು ಮಕ್ಕಳು ಅಲ್ಲಿಗೆ ಹೋಗಲು ಬಿಡುವಿಲ್ಲದಿದ್ದರೆ, ಬಾವಿಯಿದ್ದು ಹಗ್ಗವಿಲ್ಲದಂತೆ.

ನನ್ನ ಬೇಡಿಕೆಗಳು ಹೆಚ್ಚಿಲ್ಲ. ಆಟದ ಪೀರಿಯಡ್ಡನ್ನು ಬೇರಾವ ವಿಷಯದ ಶಿಕ್ಷಕರೂ ಮುಟ್ಟಬಾರದು; ಮುಟ್ಟಿದರೆ ಮುಖ್ಯೋಪಾಧ್ಯಾಯರು ಕಾರಣ ಬರೆಸಿಕೊಳ್ಳಲಿ. ಸಂಜೆಯ ಎರಡು ಗಂಟೆ ಶಾಲೆಯ ಮೈದಾನ ಊರಿನ ಮಕ್ಕಳಿಗೆ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ಹಿರಿಯರೊಬ್ಬರ ಮೇಲ್ವಿಚಾರಣೆಯಲ್ಲಿ ತೆರೆದಿರಲಿ. ನಮ್ಮಂತಹ ನಿವೃತ್ತರು ಎಷ್ಟೋ ಜನ ಮನೆಯ ಜಗುಲಿಯ ಮೇಲೆ ಪತ್ರಿಕೆ ತಿರುವುತ್ತ ಕುಳಿತಿದ್ದೇವೆ. ಆ ಕೆಲಸ ನಮ್ಮಿಂದಾಗುತ್ತದೆ. ಮೈದಾನದ ಅಂಚಿನಲ್ಲಿ ಹೊಂಗೆ, ಬೇವು, ನೇರಳೆ ನೆಡಲಿ, ಏಕೆಂದರೆ ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ ಬೋಳು ಮೈದಾನಕ್ಕೆ ಮಕ್ಕಳನ್ನು ಅಟ್ಟುವುದೂ ತಪ್ಪೇ. ಆ ತಿಂಗಳುಗಳಲ್ಲಿ ಆಟದ ಪೀರಿಯಡ್ ಬೆಳಗಿನ ಮೊದಲ ಪೀರಿಯಡ್ ಆಗಲಿ. ಮೊದಲ ಪೀರಿಯಡ್ ಸಾಮಾನ್ಯವಾಗಿ ಗಣಿತದ್ದು. ಗಣಿತದ ಮೇಷ್ಟ್ರುಗಳು ಬಿಟ್ಟುಕೊಡಲಿ. ಇದುವರೆಗೆ ನಾವು ತೆಗೆದುಕೊಂಡದ್ದೇ ಹೆಚ್ಚು.

ದಪ್ಪಗಿರುವ ಮಗುವನ್ನು ಮೈದಾನಕ್ಕೆ ಕಳುಹಿಸುವಾಗ ಇನ್ನೊಂದು ಎಚ್ಚರ ಬೇಕು. "ತೂಕ ಇಳಿಸಿಕೊಂಡು ಬಾ" ಎಂದು ಹೇಳಿ ಕಳುಹಿಸಬಾರದು. ಹಾಗೆ ಹೇಳಿದ ದಿನವೇ ಬಯಲು ಅದಕ್ಕೆ ಇನ್ನೊಂದು ಪರೀಕ್ಷಾ ಕೊಠಡಿಯಾಗುತ್ತದೆ. ಆ ಭಾನುವಾರ ನನ್ನ ವಿದ್ಯಾರ್ಥಿಯ ಮಗ ತಂದೆ ನಡೆಸಿದಷ್ಟು ಹೊತ್ತು ಕಾಲೆಳೆಯುತ್ತಲೇ ಇದ್ದ. ನಾನು ಅವನಿಗೆ ಹೆಜ್ಜಾರ್ಲೆಗಳನ್ನು ತೋರಿಸಿ, "ಎಷ್ಟಿವೆ, ಎಣಿಸಪ್ಪ" ಎಂದೆ. ಇಲ್ಲಿಂದ ಸರಿಯಾಗಿ ಕಾಣುವುದಿಲ್ಲವೆಂದು ಅವನು ಏರಿಯುದ್ದಕ್ಕೂ ಮುಂದೆ ಮುಂದೆ ಓಡಿದ. ಮರೆಯಲ್ಲಿ ಬೇರೆ ಕೆಲವು ಕಂಡವು, ಎಣಿಕೆ ತಪ್ಪಿತು, ಮತ್ತೆ ಹಿಂದಕ್ಕೆ ಓಡಿದ. ಹದಿನೇಳೋ ಹದಿನೆಂಟೋ ಎಂದು ನಮ್ಮಿಬ್ಬರಿಗೂ ಕೊನೆಯವರೆಗೆ ಇತ್ಯರ್ಥವಾಗಲಿಲ್ಲ. ಸುತ್ತು ಮುಗಿದು ಗೇಟಿನ ಬಳಿ ಬಂದಾಗ, "ಅಪ್ಪಾ, ಮುಂದಿನ ಭಾನುವಾರ ಸರಿಯಾಗಿ ಎಣಿಸೋಣ" ಎಂದ.

ಅಂದಿನಿಂದ ಪ್ರತಿ ಭಾನುವಾರ ಏಳು ಗಂಟೆಗೆ ನಾನು ಅಲ್ಲಿರುತ್ತೇನೆ. ಅಪ್ಪ ಮಗ ಇಬ್ಬರೂ ಇದುವರೆಗೆ ಮೂರು ಬಾರಿ ಬಂದಿದ್ದಾರೆ. ಒಂದು ಸುತ್ತು ಬರಲು ನಮಗೆ ಒಂದು ಗಂಟೆ ಹಿಡಿಯುತ್ತದೆ. ನನ್ನ ಲೆಕ್ಕದಲ್ಲಿ ಒಂದೂವರೆ ಪೀರಿಯಡ್. 1,024ರಲ್ಲಿ ನಾಲ್ಕೂವರೆ ತೀರಿತು. ಉಳಿದದ್ದನ್ನು ನಾನು ಬದುಕಿರುವಷ್ಟರಲ್ಲಿ ತೀರಿಸಲಾರೆ. ಈಗ ಸೇವೆಯಲ್ಲಿರುವ ಶಿಕ್ಷಕ ಮಿತ್ರರು, ದಯವಿಟ್ಟು, ಈ ಸಾಲವನ್ನು ಮಾಡದೆಯೇ ಇರಲಿ.